ಕರೆಂಟ್ ಐತಿ

ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ಬಸ್ಸು ಸಿಕ್ಕಿಕೊಂಡಾಗ ಎಲ್ಲರೂ ಕಿಟಕಿಯಿಂದ ತಲೆ ಹೊರಹಾಕಿ ಮುಂದೆ ನೋಡುತ್ತಾರೆ. ನಾನು ಕುಳಿತ ಸೀಟನ್ನು ನೋಡಿಕೊಳ್ಳುತ್ತೇನೆ. ಒದ್ದೆಯಾಗಿದೆಯೇ ಎಂದು ಕೈಯಿಂದ ಮುಟ್ಟಿಯೂ ನೋಡುತ್ತೇನೆ. “ಏನ ಕಳಕೊಂಡ್ರಿ ಬಾಯಾರ?” ಎಂದು ಪಕ್ಕದವರು ಕೇಳಿದರೆ “ಪೆನ್ನು” ಎನ್ನುತ್ತೇನೆ. ಒಮ್ಮೆ ಹಿರಿಯರೊಬ್ಬರು ಸೀಟಿನ ಕೆಳಗೆ ಬಗ್ಗಿ ಹುಡುಕಿ, ಸಿಗದೆ, ತಮ್ಮ ಪೆನ್ನನ್ನೇ ಕೊಟ್ಟುಬಿಟ್ಟರು. ಅದು ಇನ್ನೂ ನನ್ನ ಹತ್ತಿರ ಇದೆ. ಚೆನ್ನಾಗಿ ಬರೆಯುತ್ತದೆ.

ನನ್ನ ವೈನಿ, ಅಂದರೆ ಅಣ್ಣನ ಹೆಂಡತಿ, ಒಂದು ಡಿಸೆಂಬರಿನ ಮಧ್ಯಾಹ್ನ ಅಂಥದೇ ಟ್ರ್ಯಾಕ್ಟರುಗಳ ಹಿಂದೆ, ನನ್ನ ತೊಡೆಯ ಮೇಲೆ ಕಾಲಿಟ್ಟುಕೊಂಡು, ಸಾಯುವುದರಲ್ಲಿದ್ದಳು. ಅದಕ್ಕೆ ಕಾರಣ ಒಂದು ಚಿಕ್ಕ ಮಾತು. ಆ ಮಾತನ್ನು ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ ಕೂತು, ಒಂದೇ ಚರ್ಚಿನ ಅಂಗಳದಲ್ಲಿ, ಬೇರೆ ಬೇರೆಯಾಗಿ ತಯಾರು ಮಾಡಿದ್ದರು.

ನಾವು ಕಥೋಲಿಕರು. ಈ ಕಡೆ ಹಾಗೆಂದರೆ ಯಾರಿಗೂ ತಿಳಿಯುವುದಿಲ್ಲ. “ಮೇರಿ ಮಾತಾ ಇರ್ತಾಳಲ್ಲ, ಆ ಪೈಕೀನ?” ಎಂದು ಕೇಳುತ್ತಾರೆ. ಹೌದು ಎಂದರೆ ಮುಗಿಯಿತು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಇಷ್ಟೂ ಕಡೆಯ ಮನೆಗಳನ್ನು ಕೂಡಿಸಿದರೂ ಹಬ್ಬದ ದಿನ ನಮ್ಮ ಚರ್ಚಿನ ಅಂಗಳದಲ್ಲಿ ಮೋಟರ್‌ಸೈಕಲ್ ನಿಲ್ಲಿಸಲು ಜಾಗ ಉಳಿಯುತ್ತದೆ. ಅರ್ಧ ಹಾಡು ಕನ್ನಡದಲ್ಲಿ, ಅರ್ಧ ಮರಾಠಿಯಲ್ಲಿ. ತುಂಡು ಹೊಲ, ಕೂಲಿ, ಕಾರ್ಖಾನೆಯ ನೌಕರಿ, ನಮ್ಮ ಜನರ ಬದುಕು ಇದರಲ್ಲೇ. ನಮ್ಮ ಮನೆ ಬೇಡಕಿಹಾಳದ ಆಚೆ. ನಾನು ಚಿಕ್ಕೋಡಿಯ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತೇನೆ. ಮದುವೆಯಾಗಿಲ್ಲ.

ವೈನಿಯ ಎರಡೂ ಹೆರಿಗೆ ನಿಪ್ಪಾಣಿಯಲ್ಲಿ ಹೊಟ್ಟೆ ಕೊಯ್ದೇ ಆದವು. ಎರಡನೆಯದರ ಮರುದಿನ ಡಾಕ್ಟರ್ ಬಾಯಿ, ಅಂದರೆ ಅಲ್ಲಿಯ ಲೇಡಿ ಡಾಕ್ಟರ್, ಬಂದು, ಮಂಚದ ಪಕ್ಕ ನಿಂತು, ಅಣ್ಣನಿಗೂ ಕೇಳುವ ಹಾಗೆ ಹೇಳಿದರು: “ಒಳಗಿನ ಹೊಲಿಗಿ ಹಾಳಿಯಂಗ ತೆಳ್ಳಗ ಆಗೈತಿ. ಇನ್ನೊಂದ ಬಸಿರ ತಡ್ಯಾಂಗಿಲ್ಲ. ಹರದ್ರ ತಾಯಿನೂ ಇರಂಗಿಲ್ಲ, ಕೂಸೂ ಇರಂಗಿಲ್ಲ. ಆಪರೇಷನ್ ಮಾಡಿಸ್ಕೋರಿ ಅಂದ್ರ ಒಲ್ಲೆ ಅಂದ್ರಿ. ಈಗ ನೀವುಂಟು, ನಿಮ್ಮ ದೇವರುಂಟು.”

ಒಲ್ಲೆ ಎಂದವಳು ವೈನಿಯೇ. ಅಣ್ಣ ಬಾಗಿಲಲ್ಲಿ ನಿಂತು ಆಕೆ ಹೇಳಿದ್ದಕ್ಕೆ ತಲೆಯಾಡಿಸಿದ್ದ. ಧರ್ಮಸಭೆ ಬೇಡ ಅನ್ನುತ್ತದೆ, ಬೇರೆ ದಾರಿ ಇದೆ, ಆ ದಾರಿಯನ್ನು ಸಿಸ್ಟರ್ ಕಲಿಸುತ್ತಾರೆ, ನಾನು ಕಲಿಯುತ್ತೇನೆ ಎಂದಳು ವೈನಿ. ಕಲಿತಳು ಕೂಡ. ಒಂದು ತರಗತಿಯನ್ನೂ ತಪ್ಪಿಸಲಿಲ್ಲ. ನನ್ನ ವಿದ್ಯಾರ್ಥಿಗಳಲ್ಲಿ ಅಂಥವರು ಇದ್ದರೆ ನಾನು ಬೇರೆಯೇ ಮನುಷ್ಯಳಾಗಿರುತ್ತಿದ್ದೆ.

ತರಗತಿ ತಿಂಗಳಿಗೊಂದು ಭಾನುವಾರ, ಬೆಳಗಿನ ಪೂಜೆ ಮುಗಿದ ಮೇಲೆ. ಹೆಸರು ‘ಸ್ವಾಭಾವಿಕ ಕುಟುಂಬ ಯೋಜನೆ’. ಹೆಂಗಸರು ಸಿಸ್ಟರುಗಳ ಊಟದ ಕೋಣೆಯಲ್ಲಿ. ಗಂಡಸರು ಹೊರಗೆ ಬೇವಿನ ಮರದ ಕೆಳಗೆ, ಫಾದರ್ ಜೊತೆ. ಗಂಡ ಹೆಂಡತಿ ಒಟ್ಟಿಗೆ ಕೂತರೆ ಯಾರೂ ಬಾಯಿ ಬಿಡುವುದಿಲ್ಲ ಎಂದು ಹೀಗೆ ಮಾಡಿದ್ದರು. ಅದು ನಿಜವೂ ಆಗಿತ್ತು. ಸಿಸ್ಟರ್ ಮಂಗಳೂರಿನ ಕಡೆಯವರು, ಅವರದು ಪುಸ್ತಕದ ಕನ್ನಡ. ಅದನ್ನು ನಮ್ಮ ಕನ್ನಡಕ್ಕೆ ತರಲು ನನ್ನನ್ನು ಕರೆಯುತ್ತಿದ್ದರು. ಜೊತೆಗೆ ಎರಡೂ ಕಡೆ ಚಹಾ ಕೊಡುವ ಕೆಲಸವೂ ನನ್ನದೇ. ಹೀಗಾಗಿ ಎರಡೂ ಸಭೆಗಳಲ್ಲಿ ಓಡಾಡುತ್ತಿದ್ದವಳು ನಾನೊಬ್ಬಳೇ.

“ಗರ್ಭಕೊರಳಿನ ಲೋಳೆಯನ್ನು ದಿನಾಲೂ ಗಮನಿಸಬೇಕು,” ಎಂದು ಸಿಸ್ಟರ್ ಮೊದಲ ದಿನವೇ ಶುರುಮಾಡಿದರು.

ಮುಂದೆ ಕೂತ ಅಜ್ಜಿ, ಸೊಸೆಯ ಕಾವಲಿಗೆ ಬಂದವಳು, ಕೇಳಿದಳು: “ಲೋಳಿ ಅಂದ್ರ ಲೋಳಸರ ಏನ್ರಿ ಸಿಸ್ಟರ್? ನಮ್ಮ ಹಿತ್ತಲದಾಗ ಬೇಕಾದಷ್ಟ ಐತಿ.”

ನಾನು ಎದ್ದು ವಿವರಿಸಿದೆ. ಹಸಿ ಇದ್ದ ದಿನ ಗರ್ಭ ನಿಲ್ಲುತ್ತದೆ, ಆ ದಿನ ದೂರ ಇರಬೇಕು. ಒಣ ಇದ್ದ ದಿನ ಅಡ್ಡಿಯಿಲ್ಲ. ಹೊಲದವರಿಗೆ ಇದರಲ್ಲಿ ತಿಳಿಯದ್ದೇನೂ ಇರಲಿಲ್ಲ. ಬೀಜ ಎಂಥ ಮಣ್ಣಿನಲ್ಲಿ ಹುಟ್ಟುತ್ತದೆ ಎಂದು ಅವರಿಗೆ ನಾನು ಹೇಳಿಕೊಡಬೇಕಾಗಿರಲಿಲ್ಲ. ತೊಡಕು ಬೇರೆ ಕಡೆ ಇತ್ತು.

“ತಿಳೀತೈತ್ರಿ,” ಎಂದಳು ರಾಯಬಾಗದ ಕಡೆಯ ಒಬ್ಬಳು. “ಆದ್ರ ಗಂಡಗ ಹೇಳೂದು ಹೆಂಗ? ಮನಿ ಅಂದ್ರ ಒಂದ ಪಡಸಾಲಿ. ಇವತ್ತ ಹಸಿ ಐತಿ ಅಂದ್ರ ನಮ್ಮತ್ತಿ ಕೌದಿ ಎತ್ತಿ ಬಿಸಲಿಗೆ ಹಾಕ್ತಾರ.”

ಎಲ್ಲರೂ ನಕ್ಕರು. ಆಗ ಲೈನ್‌ಮನ್ ಒಬ್ಬನ ಹೆಂಡತಿ, ಚಹಾ ಬಸಿಗೆ ಹಾಕಿಕೊಂಡು ಊದುತ್ತಾ ಹೇಳಿದಳು:

“ನಮ್ಮ ಮನ್ಯಾಗ ನಾ ಒಂದ ಮಾತ ಮಾಡೀನಿ ನೋಡ್ರಿ. ನಮ್ಮ ಮನಿಯವರು ಕಂಬಾ ಏರೂ ಮುಂದ, ಕೆಳಗ ನಿಂತಾಂವ ‘ಕರೆಂಟ್ ಐತಿ’ ಅಂದಾ ಅಂದ್ರ ಮುಗೀತು, ಕೈ ಹಚ್ಚಂಗಿಲ್ಲ. ಹಚ್ಚಿದ್ರ ಹೋದ. ನಾನೂ ಅದನ್ನ ಅಂತೀನಿ. ಇವತ್ತ ಕರೆಂಟ್ ಐತಿ ಅಂತ. ಅತ್ತಿ ಮುಂದ ಅಂದ್ರೂ ನಡೀತೈತಿ.”

“ಅಂದ ಮ್ಯಾಲೆ ಅವರೇನ ಮಾಡ್ತಾರ ಬೇ?”

“ಏನ ಮಾಡ್ತಾರ, ಮಾರಿ ಸಿಂಡರಿಸ್ಕೊಂಡ ಹೊರಗ ಕಟ್ಟಿ ಮ್ಯಾಲೆ ಮಲಗತಾರ. ಸೊಳ್ಳಿ ಕಡಿಸ್ಕೋತಾರ.”

ಈ ಮಾತು ಹೆಂಗಸರ ನಡುವೆ ಬಹಳ ಬೇಗ ಹರಡಿತು. ‘ಹಸಿ’ ಎನ್ನಲು ನಾಚುತ್ತಿದ್ದವರು ‘ಕರೆಂಟ್’ ಎಂದು ಗಟ್ಟಿಯಾಗಿ ಹೇಳತೊಡಗಿದರು. ಮುಂದಿನ ತಿಂಗಳು ಸಿಸ್ಟರ್ ಕೂಡ “ನೀವು ಹೇಳುವ ಆ ಕರೆಂಟಿನ ದಿನಗಳಲ್ಲಿ...” ಎಂದು ಶುರುಮಾಡಿದರು.

ಬೇವಿನ ಮರದ ಕೆಳಗೆ ಮಾತಿನ ರೀತಿಯೇ ಬೇರೆ. ಅಲ್ಲಿ ಲೋಳೆ ಇರಲಿಲ್ಲ, ಹಸಿ ಇರಲಿಲ್ಲ, ಕೌದಿ ಇರಲಿಲ್ಲ. ಸಂಯಮ ಇತ್ತು, ತ್ಯಾಗ ಇತ್ತು. ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ ಮಾಂಸ ಬಿಟ್ಟದ್ದನ್ನು ಹೇಳುವ ದನಿಯಲ್ಲಿಯೇ ಇದನ್ನೂ ಹೇಳುತ್ತಿದ್ದರು. ಹೆಂಗಸರು ‘ನಾನು’ ಎಂದು ಮಾತಾಡುತ್ತಿದ್ದರು, ಗಂಡಸರು ‘ನಾವು’ ಎಂದು. “ನಾವು ಬರೋಬ್ಬರಿ ಪಾಲಸ್ತೀವ್ರಿ ಫಾದರ್.” “ನಮಗೇನ ತ್ರಾಸ ಇಲ್ರಿ.” ದಿನಾ ಗಮನಿಸುವವಳು, ನೆನಪಿಡುವವಳು, ಹೇಳುವವಳು, ತಪ್ಪಿದರೆ ಬಸಿರಾಗುವವಳು ಎಲ್ಲರೂ ಆ ‘ನಾವು’ ಒಳಗೆ ಸೇರಿಕೊಂಡಿದ್ದರು. ವರ್ಷಕ್ಕೊಮ್ಮೆ ಎಲ್ಲರೂ ಕೂಡಿದ ದಿನ ಕಾಗವಾಡದ ಕಡೆಯ ಒಬ್ಬರು ಮೈಕಿನಲ್ಲಿ, “ಈ ಪದ್ಧತಿಯಿಂದ ನಮ್ಮ ದಾಂಪತ್ಯದೊಳಗ ಪರಸ್ಪರ ಗೌರವ ಹೆಚ್ಚಾಗೈತಿ” ಎಂದರು. ಅಡುಗೆಮನೆಯಲ್ಲಿ ಪೂರಿ ಲಟ್ಟಿಸುತ್ತಿದ್ದ ಅವರ ಹೆಂಡತಿ ತಲೆ ಎತ್ತದೆ, “ಪರಸ್ಪರ ಅಂದ್ರ ಯಾರ್ಯಾರ?” ಎಂದಳು.

ಫಾದರ್ ಎದ್ದು ಒಳಗೆ ಹೋದ ಮೇಲೆ ಗಂಡಸರ ನಿಜವಾದ ಮಾತು ಶುರುವಾಗುತ್ತಿತ್ತು. ನಾನು ಬಸಿ ತೆಗೆಯಲು ಹೋದದ್ದನ್ನು ಯಾರೂ ಲೆಕ್ಕಿಸುತ್ತಿರಲಿಲ್ಲ.

“ಏನಪಾ ದೋಸ್ತ, ಈ ವಾರ ನಿಮ್ಮ ಲೈನಿಗೆ ತ್ರೀ ಫೇಸ್ ಹಗಲೋ ರಾತ್ರಿಯೋ?”

“ಎಲ್ಲೀ ತ್ರೀ ಫೇಸ್ ತಗೀಲೇ. ಬರೇ ಸಿಂಗಲ್ ಫೇಸ್ ನಡದೈತಿ. ಬಲ್ಬ್ ಹತ್ತತೈತಿ, ಮೋಟರ್ ಏಳಂಗಿಲ್ಲ.”

“ಕರೆಂಟ್ ಬಂದಾಗ ಎದ್ದ ಓಡಿ ಹೋಗಿ ನೀರ ಹಾಯಿಸಿ ಬಿಡಬೇಕಪಾ. ಮತ್ತ ಯಾವಾಗ ಕೊಡ್ತಾರೋ ಏನೋ.”

ಕಬ್ಬಿನ ಹೊಲದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪಂಪಿನ ಮೋಟರ್ ತಿರುಗುವಷ್ಟು ಕರೆಂಟು ನಮ್ಮ ಕಡೆ ದಿನವಿಡೀ ಇರುವುದಿಲ್ಲ, ಪಾಳಿಯ ಮೇಲೆ ಬರುತ್ತದೆ. ಬಂತೆಂದರೆ ಹಬ್ಬ, ಹೋಯಿತೆಂದರೆ ಕೈ ಕಟ್ಟಿ ಕೂಡುವುದು. ಗಂಡಸರ ಲೆಕ್ಕದಲ್ಲಿ ಹೆಂಡತಿ ಎಂದರೆ ಸಪ್ಲೈ ಕೊಡುವ ಆಫೀಸು. ಯಾವಾಗ ಕೊಡುತ್ತಾರೆ, ಯಾಕೆ ತೆಗೆಯುತ್ತಾರೆ, ಯಾರಿಗೂ ತಿಳಿಯದು. ಕೇಳಲು ಹೋದರೆ ಉತ್ತರವಿಲ್ಲ.

ಅಣ್ಣ ಆ ಗುಂಪಿನಲ್ಲಿ ಒಂದು ಮಾತೂ ಆಡುತ್ತಿರಲಿಲ್ಲ. ಬೇರೆಯವರು ನಕ್ಕ ಮೇಲೆ ಸ್ವಲ್ಪ ತಡವಾಗಿ ನಗುತ್ತಿದ್ದ. ಅವನು ಹುಟ್ಟಾ ನಾಚಿಕೆಯವನು. ವೈನಿಯ ಹೆಸರನ್ನು ಅವನ ಬಾಯಿಂದ ನಾನು ಕೇಳಿಲ್ಲ. “ಕೇಳಿತೇನ?” ಎಂದು ಕರೆಯುತ್ತಾನೆ.

ಊಟದ ಕೋಣೆಯಲ್ಲಿ ‘ಕರೆಂಟ್ ಐತಿ’ ಎಂದರೆ ಮುಟ್ಟಿದರೆ ಸಾವು. ಬೇವಿನ ಮರದ ಕೆಳಗೆ ‘ಕರೆಂಟ್ ಐತಿ’ ಎಂದರೆ ಓಡಿ ಬಾ. ಎರಡನ್ನೂ ಕೇಳಿ ಎರಡಕ್ಕೂ ನಾನು ನಕ್ಕಿದ್ದೆ. ಎರಡು ಕಡೆ ಕೇಳಿದ ಎರಡು ಚೇಷ್ಟೆಗಳನ್ನು ಯಾರೂ ಮನೆಗೆ ತಂದು ಪಕ್ಕಪಕ್ಕ ಇಟ್ಟು ನೋಡುವುದಿಲ್ಲ.

ಅಣ್ಣನಿಗೂ ವೈನಿಗೂ ಮೊದಲು ಇಂಥ ಮಾತೇ ಬೇಕಾಗಿರಲಿಲ್ಲ. ಬೇಡವಾದ ದಿನ ವೈನಿ ತನ್ನ ಹಾಸಿಗೆಯನ್ನು ಎಳೆದುಕೊಂಡು ಹೋಗಿ ಮಕ್ಕಳ ನಡುವೆ ಹಾಕುತ್ತಿದ್ದಳು. ಅಣ್ಣ ನೋಡಿ ಆ ಕಡೆ ಹೊರಳಿ ಮಲಗುತ್ತಿದ್ದ. ವರ್ಷಗಟ್ಟಲೆ ಹೀಗೆ ನಡೆಯಿತು, ಏನೂ ತಪ್ಪಲಿಲ್ಲ. ಆ ಪದ್ಧತಿಯನ್ನು ಹೀಗಳೆಯುವವರಿಗೆ ನಾನು ಇದನ್ನು ಹೇಳುತ್ತೇನೆ.

ನಂತರ ಅಣ್ಣನಿಗೆ ಅಥಣಿ ಕಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಫಿಟರ್ ಕೆಲಸ ಸಿಕ್ಕಿತು. ಮಳೆಗಾಲದಲ್ಲಿ ಕಬ್ಬು ಅರೆಯುವುದು ನಿಂತಿರುತ್ತದೆ, ಯಂತ್ರಗಳನ್ನು ಬಿಚ್ಚಿ ರಿಪೇರಿ ಮಾಡುತ್ತಾರೆ. ಅವನು ಅಲ್ಲೇ ಒಂದು ಕೋಣೆಯಲ್ಲಿ ಬೇರೆ ಕೆಲಸಗಾರರ ಜೊತೆ ಇದ್ದು, ರಜೆ ಸಿಕ್ಕಾಗ ಬಸ್ಸು ಬದಲಿಸಿ ಬದಲಿಸಿ ಊರಿಗೆ ಬರುತ್ತಿದ್ದ. ಒಂದು ಶನಿವಾರ ಮಧ್ಯಾಹ್ನ ಫೋನ್ ಬಂತು. ವೈನಿ ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದಳು, ನಾನು ಪಕ್ಕದಲ್ಲಿದ್ದೆ, ಅವ್ವ ಬಾಗಿಲಲ್ಲಿದ್ದಳು. ಅಣ್ಣನ ದನಿ ಹೊರಗೆ ಕೇಳುವಷ್ಟು ದೊಡ್ಡದಿತ್ತು. ಅವನ ಸುತ್ತ ಜನರಿದ್ದರು, ಬಡಿಯುವ ಸಪ್ಪಳವಿತ್ತು.

“ಕೇಳಿತೇನ? ಮನ್ಯಾಗ ಕರೆಂಟ್ ಐತೇನ?”

ವೈನಿ ಅವ್ವನ ಕಡೆ ನೋಡಿ, ಆಚೆ ತಿರುಗಿ, “ಐತಿ” ಎಂದಳು. ಸ್ವಲ್ಪ ತಡೆದು, “ಭಾಳ ಐತಿ” ಎಂದಳು.

ನಾನು ತಲೆಯ ಮೇಲಿನ ಬಲ್ಬನ್ನು ನೋಡಿದೆ. ಹತ್ತಿತ್ತು. ‘ಭಾಳ’ ಯಾಕೆ ಎಂದು ಒಂದು ಕ್ಷಣ ಅನ್ನಿಸಿತು, ಮರೆತೆ. ಅಣ್ಣ ಅಂದೇ ಸಂಜೆಯ ಬಸ್ಸಿಗೆ, ಮಳೆಯಲ್ಲಿ ತೊಯ್ದುಕೊಂಡು, ಪೇಢೆಯ ಡಬ್ಬಿ ಹಿಡಿದು ಬಂದ.

ವೈನಿ ಬಸಿರಾದದ್ದು ಗೊತ್ತಾದಾಗ ಡಾಕ್ಟರ್ ಬಾಯಿ ಬೈಯಲಿಲ್ಲ. ಕುರ್ಚಿಗೆ ಒರಗಿ, “ಏನ ಸಾಯಾಕ ಬಂದೀಯೇನ್ವಾ?” ಎಂದು ಮೆಲ್ಲಗೆ ಕೇಳಿದರು. ತೆಗೆಸುವ ಮಾತನ್ನು ವೈನಿ ಕೇಳಿಸಿಕೊಳ್ಳಲೇ ಇಲ್ಲ. ಹಾಗಾದರೆ ಭಾರ ಎತ್ತಬೇಡ, ಹೊಟ್ಟೆ ನೋವು ಬಂದರೆ ಇದ್ದ ಹಾಗೆ ಹೊರಟು ಬಾ, ಕ್ರಿಸ್‌ಮಸ್ ಮುಗಿದ ಕೂಡಲೇ ಬಂದು ಇಲ್ಲೇ ಇರು ಎಂದರು. ನಾವು ಹೊರಗೆ ಬಂದ ಮೇಲೆ ನನ್ನೊಬ್ಬಳನ್ನೇ ಒಳಗೆ ಕರೆದು ಅದನ್ನೇ ಮತ್ತೊಮ್ಮೆ ಹೇಳಿದರು. ಓದಿದವಳು ಎಂದು ನನಗೆ ಇಂಥವನ್ನು ಎರಡೆರಡು ಸಲ ಹೇಳುತ್ತಾರೆ.

ಆ ತಿಂಗಳುಗಳಲ್ಲಿ ವೈನಿ ಅಣ್ಣನ ಜೊತೆ ಬೇಕಾದಷ್ಟೇ ಮಾತಾಡಿದಳು. ಮೊದಲು ನನ್ನ ಹತ್ತಿರ ‘ನಮ್ಮನಿಯವರು’ ಎನ್ನುತ್ತಿದ್ದವಳು ‘ನಿಮ್ಮಣ್ಣ’ ಎನ್ನತೊಡಗಿದಳು. ಅಣ್ಣ ಬಂದಾಗ ಊಟಕ್ಕೆ ಬಡಿಸಿ ಒಳಗೆ ಹೋಗುತ್ತಿದ್ದಳು. ಅವನು ಅಂಗಳದಲ್ಲಿ ನಿಂತು, “ಆಕಿಗೆ ಏನ ಆಗೈತಿ? ನಾ ಏನ ಮಾಡೀನಿ?” ಎಂದು ನನ್ನನ್ನು ಕೇಳುತ್ತಿದ್ದ. ಭಯ ಇರಬೇಕು ಎಂದೆ. ಚರ್ಚಿನಲ್ಲಿ ಗಂಡಸರು ಅವನ ಬೆನ್ನು ತಟ್ಟಿ, “ದೇವರ ಚಿತ್ತಪಾ” ಎಂದರು. ಹೆಂಗಸರು ವೈನಿಯ ಹತ್ತಿರ ಕೂತು, “ಹೇಳಿದ್ದಿಲ್ಲೇನ ಅವರಿಗೆ?” ಎಂದು ಕೇಳಿದರು. ವೈನಿ ಎದ್ದು ಮಕ್ಕಳ ಕಡೆ ಹೋದಳು.

ಡಿಸೆಂಬರ್ ಬಂತು. ಹಬ್ಬಕ್ಕೆ ಶಂಕರಪಾಳಿ ಕರಿಯುತ್ತಿದ್ದೆವು. ನಾನು ಕತ್ತರಿಸುತ್ತಿದ್ದೆ, ಅವ್ವ ಎಣ್ಣೆಯ ಮುಂದೆ, ವೈನಿ ಸ್ಟೂಲಿನ ಮೇಲೆ ಕೂತು ಡಬ್ಬಿಗೆ ತುಂಬುತ್ತಿದ್ದಳು. “ಏನೋ ಹರದಂಗ ಆತು ನೋಡ,” ಎಂದಳು. ದನಿಯಲ್ಲಿ ಏನೂ ಇರಲಿಲ್ಲ. ಸೀರೆಯ ಸೆರಗು ಹರಿಯಿತೇನೋ ಎಂಬಂತೆ ನಾನು ನೋಡಿದೆ. ಆಕೆ ಡಬ್ಬಿಯ ಮುಚ್ಚಳ ಹಾಕಿ, ನೆಲಕ್ಕಿಳಿದು, ಗೋಡೆಗೆ ಒರಗಿದಳು. ಮುಖ ಮೈದಾ ಹಿಟ್ಟಿನ ಬಣ್ಣಕ್ಕೆ ಬಂದಿತ್ತು.

ಪಕ್ಕದ ಮನೆಯ ಕಾಕಾ, ಜೈನರು, ತಮ್ಮ ವ್ಯಾನು ತೆಗೆದರು. ಹಿಂದಿನ ಸೀಟಿನಲ್ಲಿ ವೈನಿಯನ್ನು ಮಲಗಿಸಿ, ಕಾಲುಗಳನ್ನು ನನ್ನ ತೊಡೆಯ ಮೇಲೆ ಎತ್ತಿಟ್ಟುಕೊಂಡೆ. ಮಕ್ಕಳ ಜೊತೆ ಅವ್ವ ಉಳಿದಳು. ನಿಪ್ಪಾಣಿಯ ರಸ್ತೆ ಹಿಡಿದೆವು.

ಊರು ದಾಟಿ ಸ್ವಲ್ಪ ದೂರಕ್ಕೇ ಮುಂದೆ ಕಬ್ಬಿನ ಟ್ರ್ಯಾಕ್ಟರು. ಹಿಂದೆ ಎರಡು ಟ್ರೇಲರ್, ಎರಡರಲ್ಲೂ ರಸ್ತೆಯ ಆಚೆ ಈಚೆ ಚಾಚಿಕೊಂಡಷ್ಟು ಕಬ್ಬು. ಅದರ ಮುಂದೆ ಇನ್ನೊಂದು. ಅದರ ಮುಂದೆ ಮತ್ತೊಂದು. ಸೀಸನ್ನಿನಲ್ಲಿ ಇದು ದಿನದ ನೋಟ. ಚಾಲಕರು ದೊಡ್ಡ ಸ್ಪೀಕರ್ ಕಟ್ಟಿಕೊಂಡಿರುತ್ತಾರೆ. ಮದುವೆ ವರಾತದ ಹಾಡು ಎದೆ ನಡುಗುವಂತೆ ಬಡಿಯುತ್ತಿತ್ತು. ಕಾಕಾ ಹಾರ್ನ್ ಮೇಲೆ ಕೈ ಒತ್ತಿ ಹಿಡಿದೇ ಇದ್ದರು, ನಮಗೇ ಸರಿಯಾಗಿ ಕೇಳುತ್ತಿರಲಿಲ್ಲ. ಎರಡೂ ಕಡೆ ಆಳೆತ್ತರದ ಕಬ್ಬು, ನಡುವೆ ಒಂದೇ ಗಾಡಿಯ ಹಾದಿ.

ನನ್ನ ಕೈ ಸೀಟಿನ ಮೇಲಿತ್ತು. ಬೆಚ್ಚಗಾಯಿತು. ಗರ್ಭಾಶಯದ ಚಿತ್ರವನ್ನು ನಾನು ಬೋರ್ಡಿನ ಮೇಲೆ ತಿರುಗಿ ನೋಡದೆ ಬಿಡಿಸುತ್ತೇನೆ, ರಕ್ತನಾಳಗಳ ಸಮೇತ. ಯಾವ ನಾಳ ಎಲ್ಲಿಂದ ಬರುತ್ತದೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದುದರಿಂದ ಅಲ್ಲಿ ಆಗಿದ್ದೇನೆಂದರೆ, ಏನಾಗುತ್ತಿದೆ ಎಂಬುದರಲ್ಲಿ ನನಗೆ ಯಾವ ಅನುಮಾನವೂ ಉಳಿಯಲಿಲ್ಲ.

“ನಾ ಹೇಳಿದ್ದೆ,” ಎಂದಳು ವೈನಿ. ಕಣ್ಣು ಮುಚ್ಚಿದ್ದಳು. “ನಿಮ್ಮಣ್ಣಗ ಹೇಳಿದ್ದೆ. ಕರೆಂಟ್ ಐತಿ ಅಂತ. ಸ್ಪಷ್ಟ ಹೇಳಿದ್ದೆ.”

ಬುದ್ಧಿ ಸ್ಥಿಮಿತ ತಪ್ಪಿದೆ ಎಂದುಕೊಂಡೆ. “ಹೌದ ವೈನಿ, ಹೇಳಿದ್ರಿ,” ಎಂದೆ.

“ಆದ್ರೂ ಬಂದ್ರು. ಸತ್ತರ ಸಾಯಲಿ ಅಂತ ಬಂದ್ರು.”

ಕಾಕಾ ವ್ಯಾನು ನಿಲ್ಲಿಸಿ, ಇಳಿದು, ಧೋತರ ಎತ್ತಿ ಕಟ್ಟಿಕೊಂಡು ಓಡಿದರು. ಅವರ ವಯಸ್ಸಿನವರು ಓಡಿದ್ದನ್ನು ನಾನು ನೋಡಿರಲಿಲ್ಲ. ಅಷ್ಟು ಹೊತ್ತು ನಾನೂ ವೈನಿಯೂ ಆ ಹಾಡೂ ಮಾತ್ರ. ಹಾಡು ನಿಂತಿತು. ಕಾಕಾನ ಬೈಗುಳ ಕೇಳಿಸಿತು, ಜೈನರ ಬಾಯಲ್ಲಿ ಬರಬಾರದ ಮಾತುಗಳು. ನಮ್ಮ ಎದುರಿಗೇ ಇದ್ದ ಟ್ರ್ಯಾಕ್ಟರಿನವನು ಹೊಲದ ಹಾದಿಗೆ ಇಳಿಸಿದ, ಟ್ರೇಲರ್ ವಾಲಿತು, ಬೀಳಲಿಲ್ಲ. ಎರಡನೆಯವನು ಇಳಿಸಿದ. ಮೂರನೆಯವನಿಗೆ ಇಳಿಸಲು ಜಾಗವಿರಲಿಲ್ಲ. ಅವನು ಮುಂದಿನ ತಿರುವಿನವರೆಗೂ, ಆ ಗಾಡಿ ಎಷ್ಟು ಜೋರಾಗಿ ಓಡಬಹುದೋ ಅಷ್ಟು ಜೋರಾಗಿ, ಕಬ್ಬು ಉದುರಿಸುತ್ತಾ ನಮ್ಮ ಮುಂದೆ ಓಡಿಸಿದ. ನಾವು ಹಾದುಹೋಗುವಾಗ ಕಬ್ಬು ಉಜ್ಜಿ ವ್ಯಾನಿನ ಕನ್ನಡಿ ಕಿತ್ತುಹೋಯಿತು.

ಮೂರನೆಯವನು ಹೆದರಿ ನಿಂತುಬಿಟ್ಟಿದ್ದರೆ ಎಂದು ಈಗಲೂ ಯೋಚಿಸುತ್ತೇನೆ. ಪಾಠ ಮಾಡುವಾಗ, ಹಲ್ಲುಜ್ಜುವಾಗ. ಅವನು ನಿಲ್ಲುತ್ತಾನೆ, ನಾನು ವೈನಿಯ ಕಾಲು ಹಿಡಿದುಕೊಂಡು ಕೂತಿರುತ್ತೇನೆ, ಮತ್ತೆ ಹಾಡು ಶುರುವಾಗುತ್ತದೆ. ಅಲ್ಲಿಂದ ಮುಂದೆ ಯೋಚನೆ ಹೋಗುವುದಿಲ್ಲ.

ದವಾಖಾನೆಯಲ್ಲಿ ವೈನಿಯನ್ನು ನೇರವಾಗಿ ಒಳಗೆ ಒಯ್ದರು. ಸ್ವಲ್ಪ ಹೊತ್ತಿಗೆ ನರ್ಸು ಬಟ್ಟೆಯಲ್ಲಿ ಸುತ್ತಿದ್ದನ್ನು ಹಿಡಿದು ಬಾಗಿಲಿಗೆ ಬಂದಳು. “ಉಸರ ಐತ್ರಿ. ಆದ್ರ ಉಳಿಯಂಗಿಲ್ಲ,” ಎಂದಳು. ಸಾಯುವ ಕೂಸಿಗೆ ಫಾದರ್ ಬರುವವರೆಗೆ ಕಾಯಬೇಕಾಗಿಲ್ಲ, ಯಾರು ಬೇಕಾದರೂ ಜ್ಞಾನಸ್ನಾನ ಕೊಡಬಹುದು ಎಂದು ನಮಗೆ ಚಿಕ್ಕಂದಿನಲ್ಲೇ ಕಲಿಸಿರುತ್ತಾರೆ. ನನ್ನ ಬ್ಯಾಗಿನಲ್ಲಿ ಕುಡಿಯುವ ನೀರಿನ ಬಾಟಲಿ ಇತ್ತು. ಮುಚ್ಚಳದಲ್ಲಿ ನೀರು ಹಾಕಿ, ಪಿತನ, ಸುತನ ಮತ್ತು ಪವಿತ್ರಾತ್ಮನ ಹೆಸರಿನಲ್ಲಿ ಎಂದು ಆ ಹಣೆಯ ಮೇಲೆ ಬಿಟ್ಟೆ. ಹೆಣ್ಣು. ಹೆಸರೂ ಇಟ್ಟೆ, ಅದನ್ನು ಇಲ್ಲಿ ಬರೆಯುವುದಿಲ್ಲ. ನರ್ಸು, ಮುಸಲ್ಮಾನರ ಹೆಣ್ಣುಮಗಳು, ಮುಗಿಯುವವರೆಗೂ ಅಲುಗದೆ ಹಿಡಿದುಕೊಂಡಿದ್ದು, ಆಮೇಲೆ ತನ್ನ ಸೆರಗಿನಿಂದ ಕೂಸಿನ ಹಣೆ ಒರೆಸಿದಳು.

ರಕ್ತ ಬೇಕೆಂದರು. ಕಾಕಾ ಫೋನ್ ಮಾಡಿದರು. ಬೇವಿನ ಮರದ ಕೆಳಗಿನ ಗಂಡಸರು ಮೋಟರ್‌ಸೈಕಲ್ ಮೇಲೆ ಬಂದರು. ಸಾಲಾಗಿ ಕೂತು ಅಂಗಿಯ ತೋಳು ಮಡಚಿದರು. ದೇವರ ಚಿತ್ತ ಎಂದು ಈ ಸಲ ಯಾರೂ ಹೇಳಲಿಲ್ಲ.

ಅಣ್ಣ ಅಥಣಿಯಿಂದ ಬರುವಷ್ಟರಲ್ಲಿ ಸಂಜೆಯಾಗಿತ್ತು. ಗ್ರೀಸ್ ಹತ್ತಿದ ಅಂಗಿಯಲ್ಲೇ ಬಂದಿದ್ದ. ಡಾಕ್ಟರ್ ಬಾಯಿ ಹೊರಗೆ ಬಂದು, ಗರ್ಭಕೋಶ ತೆಗೆಯಬೇಕಾಯಿತು, ಇವತ್ತಿನ ರಾತ್ರಿ ದಾಟಿದರೆ ನೋಡೋಣ ಎಂದು ಹೇಳಿ ಹೋದರು. ಅಣ್ಣ ಬೆಂಚಿನ ಮೇಲೆ ನನ್ನ ಪಕ್ಕ ಕೂತ. ಎದುರಿನ ಗೋಡೆಯ ಮೇ‌ಲೆ ಚಿಕ್ಕ ಸಂಸಾರದ ಚಿತ್ರವಿತ್ತು, ಗಂಡ, ಹೆಂಡತಿ, ಎರಡು ಮಕ್ಕಳು, ನಾಲ್ವರೂ ನಗುತ್ತಿದ್ದರು. ಅದನ್ನೇ ನೋಡುತ್ತಾ ಅಣ್ಣ ಹೇಳಿದ:

“ಆಕಿನ ಹೇಳಿದ್ಲು. ಕರೆಂಟ್ ಐತಿ ಅಂತ. ನಾ ಕೇಳೇ ಬಂದ್ನಿ. ಭಾಳ ಐತಿ ಅಂದ್ಲು ಮತ್ತ. ದಿನದ ಲೆಕ್ಕ ಆಕಿಗೆ ಗೊತ್ತು, ನನಗೇನ ಗೊತ್ತ? ಬಾ ಅಂದ್ಲು, ಬಂದ್ನಿ. ಈಗ ಯಾಕ ನನ್ನ ಮ್ಯಾಲೆ ಸಿಟ್ಟ?”

ಮಧ್ಯಾಹ್ನ ವ್ಯಾನಿನಲ್ಲಿ ಕೇಳಿದ ಮಾತೇ ಅದು. ಒಂದಕ್ಷರ ಬದಲಿರಲಿಲ್ಲ. ನಾನು ಬೆಂಚಿನ ಮೇಲೆ ಕೂತು ಊಟದ ಕೋಣೆಯಿಂದ ಬೇವಿನ ಮರದವರೆಗೆ ಮನಸ್ಸಿನಲ್ಲಿ ನಡೆದುಹೋದೆ, ತಿರುಗಿ ಬಂದೆ. ಅರ್ಧ ವರ್ಷ ಒಂದೇ ಮನೆಯಲ್ಲಿ ಒಬ್ಬಳು, ಗಂಡ ತನ್ನನ್ನು ಸಾಯಲು ಬಿಟ್ಟನೆಂದು ನಂಬಿ ಅವನಿಗೆ ಬಡಿಸಿದ್ದಳು. ಹೆಂಡತಿ ತಾನೇ ಕರೆದು ಆಮೇಲೆ ಮಾತು ಬಿಟ್ಟಳೆಂದು ತಿಳಿದು ಇನ್ನೊಬ್ಬನು ಉಂಡಿದ್ದ. ಅಣ್ಣನಿಗೆ ಅಲ್ಲೇ ಬಿಡಿಸಿ ಹೇಳಿದೆ. ಅವನಿಗೆ ತಿಳಿಯಲು ಸ್ವಲ್ಪ ಸಮಯ ಬೇಕಾಯಿತು. ತಿಳಿದ ಮೇಲೆ ಎದ್ದು ಹೊರಗೆ ಹೋಗಿ ನಳದ ಕೆಳಗೆ ತಲೆ ಹಿಡಿದು ನಿಂತ.

ವೈನಿ ಆ ರಾತ್ರಿ ದಾಟಿದಳು. ಕೂಸನ್ನು ಫಾದರ್ ಬಂದು ಒಯ್ದು ಮಣ್ಣು ಮಾಡಿದರು. ಆಕೆಯನ್ನು ವಾರ್ಡಿಗೆ ತಂದು, ಎರಡು ಗುಟುಕು ಚಹಾ ಕುಡಿಯುವಷ್ಟು ಆದ ಮೇಲೆ ನಾನು ಹೇಳಿದೆ. ಗಂಡಸರ ಮಾತನ್ನು ಅವರ ದನಿಯಲ್ಲೇ ಹೇಳಬೇಕಾಯಿತು, ತ್ರೀ ಫೇಸ್, ಮೋಟರ್, ನೀರು ಹಾಯಿಸುವುದು, ಎಲ್ಲ. ಪಕ್ಕದ ಮಂಚದ ಮುದುಕಿ ಹೊದಿಕೆಯ ಒಳಗಿಂದ ಕೇಳುತ್ತಿದ್ದಳು.

ವೈನಿ ಫ್ಯಾನಿನ ಕಡೆ ನೋಡುತ್ತಾ ಇದ್ದು, “ಹಂಗಾರ ಇಷ್ಟ ದಿನ ಮಾಡಿದ ಸಿಟ್ಟ ಎಲ್ಲಿ ಇಡ್ಲಿ ನಾ?” ಎಂದಳು.

ನಾನು ಚಹಾದ ಲೋಟ ತೆಗೆದು ಕೆಳಗಿಟ್ಟೆ.

“ಕರೀ ಅವರನ್ನ.”

ಅಣ್ಣ ಬಂದು ಮಂಚದ ಕಾಲ ಹತ್ತಿರ ನಿಂತ. ನಾನು ಹೊರಡಲು ಎದ್ದೆ. “ನೀ ಕೂಡು,” ಎಂದಳು ವೈನಿ. ಅವನ ಕಡೆ ತಿರುಗಿದಳು.

“ನಾ ಐತಿ ಅಂದಾಗ ಏನ ತಿಳಕೊಂಡ್ರಿ?”

ಅಣ್ಣ ನನ್ನನ್ನು ನೋಡಿದ.

“ಆಕಿ ಮಾರಿ ಏನ ನೋಡ್ತೀರಿ? ಆಕಿ ಇದನ್ನ ಪಗಾರ ತಗೊಂಡ ಕಲಸ್ತಾಳ. ಬಾಯಿಬಿಟ್ಟ ಹೇಳ್ರಿ.”

“ಬಾ ಅಂದಿ ಅಂತ... ಅಡ್ಡಿ ಇಲ್ಲ ಅಂತ.”

“ಆತು. ಮಾತ ತಪ್ಪ ತಿಳೀತು. ಮನಿಗೆ ಬಂದ ಮ್ಯಾಲೆ? ಹೇಳಿದ ಮ್ಯಾಲೂ ಬಂದಾರ ಅಂತ ನಾ ಹಾಸಿಗಿ ಎಳಕೊಳ್ಳದ ಕಲ್ಲಾಗಿ ಬಿದ್ದಿದ್ನಿ. ನನ್ನ ಮಾರಿ ನೋಡ್ಲಿಲ್ಲೇನ?”

ಅಣ್ಣ ಮಂಚದ ಕಬ್ಬಿಣದ ಪಟ್ಟಿಯನ್ನು ಉಗುರಿನಿಂದ ಕೆರೆಯುತ್ತಾ ನಿಂತ. ಆಮೇಲೆ, ಶಾಲೆಯಲ್ಲಿ ಸಿಕ್ಕಿಬಿದ್ದು ನಿಜ ಹೇಳುವ ಹುಡುಗನ ದನಿಯಲ್ಲಿ ಹೇಳಿದ:

“ಗಾಳಿ ಮಳಿಗೆ ತಂತಿ ಹರದಿತ್ತಲ್ಲ. ಆವತ್ತ ರಾತ್ರಿ ಕರೆಂಟ್ ಇರಲಿಲ್ಲ.”

ಪಕ್ಕದ ಮಂಚದ ಹೊದಿಕೆಯೊಳಗೆ ಮುದುಕಿ ಕೆಮ್ಮಿದಳು. ವೈನಿ ಹೊಲಿಗೆಯ ಮೇಲೆ ಎರಡೂ ಕೈ ಒತ್ತಿ ಹಿಡಿದಳು. ತುಟಿ ಕಚ್ಚಿದಳು, ಕಣ್ಣಲ್ಲಿ ನೀರು ಬಂತು. ನಗುವುದಕ್ಕೂ ಅಳುವುದಕ್ಕೂ ಡಾಕ್ಟರ್ ಬಾಯಿ ಆಕೆಗೆ ಇನ್ನೂ ಒಪ್ಪಿಗೆ ಕೊಟ್ಟಿರಲಿಲ್ಲ. ಅಣ್ಣ ಹೆದರಿ ನರ್ಸನ್ನು ಕರೆಯಲು ಹೊರಟ.

“ಎಲ್ಲಿ ಹೊಂಟ್ರಿ?” ಎಂದಳು. “ಸಿಟ್ಟ ಇನ್ನೂ ಹೋಗಿಲ್ಲ. ದಿನಾ ಸ್ವಲ್ಪ ಸ್ವಲ್ಪ ಬೈತೀನಿ. ಕುಂದರ್ರಿ.”

ಸ್ಟೂಲಿನ ಮೇಲೆ ನಾನಿದ್ದೆ. ಅಣ್ಣ ಮಂಚದ ತುದಿಯಲ್ಲಿ, ಆಕೆಯ ಪಾದಗಳ ಪಕ್ಕ ಇದ್ದಷ್ಟೇ ಜಾಗದಲ್ಲಿ ಕೂತ. ಕೇಳಿಸಿಕೊಳ್ಳಲು ಸ್ವಲ್ಪ ಮುಂದಕ್ಕೆ ಬಾಗಿದ.